ಅಂಗಳದ ಹಕ್ಕಿ, ಕಡಲ ಮೇಲಿನ ನಕ್ಷತ್ರ

ಪಡುಬಿದ್ರಿಯ ಕಡಲ ಕಿನಾರೆಗೆ ನೀವು ಹೋಗಿರಬಹುದು. ಮಕ್ಕಳ ರಜೆಯಲ್ಲಿ, ನೆಂಟರು ಬಂದಾಗ ಅಥವಾ ಗಲ್ಫ್‌ನಿಂದ ಬಂದ ಮನೆಯವರ ಜೊತೆ ಒಂದು ಸಂಜೆ. ಚುರುಮುರಿ ತಿಂದು, ಅಲೆಗೆ ಕಾಲು ಒಡ್ಡಿ, ಹತ್ತಿಪ್ಪತ್ತು ಫೋಟೋ ತೆಗೆದು ಮರಳಿರಬಹುದು. ಆ ಫೋಟೋಗಳನ್ನು ಇನ್ನೊಮ್ಮೆ ತೆರೆದು ನೋಡಿ. ಎಲ್ಲದರಲ್ಲೂ ನಾವೇ ಇರುತ್ತೇವೆ. ಕಡಲು ನಮ್ಮ ಬೆನ್ನ ಹಿಂದೆ!

ಅದೇ ಕಿನಾರೆಗೆ ಇನ್ನೊಂದು ಬಗೆಯ ಜನರೂ ಬರುತ್ತಾರೆ. ಅವರು ಬರುವುದು ಸುಬ್‌ಹಿ ನಮಾಝಿನ ಹೊತ್ತಿಗೆ ಅಥವಾ ಇಶಾ ಕಳೆದ ಮೇಲೆ. ಕಾಮಿನಿ ಹೊಳೆ ಕಡಲು ಸೇರುವಲ್ಲಿ ಕ್ಯಾಮರಾ ಹಿಡಿದು ಮರಳಿನ ಮೇಲೆ ಮೊಣಕಾಲೂರಿ ಕೂರುತ್ತಾರೆ. ಒಂದು ಹಕ್ಕಿಗಾಗಿ ಎರಡು ತಾಸು ಕಾಯುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಅದು ಹೊಟ್ಟೆಪಾಡಲ್ಲ. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ದುಡಿದು ಉಳಿದ ಸಮಯವನ್ನು ಹೀಗೆ ಕಳೆಯುವ ಹವ್ಯಾಸಿಗಳು ಇವರು. ನಮ್ಮ ಬೆನ್ನ ಹಿಂದೆ ಉಳಿದುಹೋದದ್ದನ್ನು ಇವರು ಮುಂದೆ ತಂದು ತೋರಿಸುತ್ತಾರೆ.

ನಮ್ಮೂರಿನಲ್ಲಿ ಏನಿದೆ?

2020ರ ಅಕ್ಟೋಬರ್‌ನಲ್ಲಿ ದೇಶದ 8 ಕಡಲ ಕಿನಾರೆಗಳಿಗೆ ಬ್ಲೂ ಫ್ಲ್ಯಾಗ್ ಎಂಬ ಅಂತಾರಾಷ್ಟ್ರೀಯ ಮಾನ್ಯತೆ ದೊರೆಯಿತು. ಅವುಗಳಲ್ಲಿ ಪಡುಬಿದ್ರಿಯೂ ಒಂದು. ಶುಚಿತ್ವ, ನೀರಿನ ಗುಣಮಟ್ಟ, ಸುರಕ್ಷತೆಗಾಗಿ ಕೊಡುವ ಮಾನ್ಯತೆ ಅದು. ಆದರೆ ಈ ಕಿನಾರೆಗೆ ಚಳಿಗಾಲದಲ್ಲಿ ಬರುವ ಅತಿಥಿಗಳಿಗೆ ಯಾವ ಬಾವುಟವೂ ಬೇಡ. ಉತ್ತರದ ಶೀತ ನಾಡುಗಳಿಂದ ಸಾವಿರಾರು ಕಿಲೋಮೀಟರ್ ಹಾರಿ ಬರುವ ಕಡಲಹಕ್ಕಿಗಳು ಅಳಿವೆಯ ಮರಳದಿಬ್ಬಗಳಲ್ಲಿ ಇಳಿಯುತ್ತವೆ. ತೆಂಗಿನ ತೋಟಗಳ ಮೇಲೆ ಗರುಡ ಸುತ್ತುತ್ತದೆ. ಅದೃಷ್ಟವಿದ್ದರೆ ಬಿಳಿಹೊಟ್ಟೆಯ ಕಡಲಹದ್ದು ನೀರಿನಿಂದ ಮೀನೆತ್ತುವುದೂ ಕಾಣುತ್ತದೆ.

ಉತ್ತರಕ್ಕೆ ಸ್ವಲ್ಪ ಹೋದರೆ ಕಾಪು. 1901ರಲ್ಲಿ ಕಟ್ಟಿದ ದೀಪಸ್ತಂಭ, ಅದರ ಬುಡದ ಕಪ್ಪು ಬಂಡೆ, ಅಪ್ಪಳಿಸುವ ಅಲೆ. ಪೂರ್ವಕ್ಕೆ ತಿರುಗಿದರೆ ಕಾರ್ಕಳದ ಕೆರೆಗಳು. ಇನ್ನೂ ಮುಂದೆ ಹೆಬ್ರಿ, ಸೋಮೇಶ್ವರ, ಘಟ್ಟ ಹತ್ತಿದರೆ ಆಗುಂಬೆ. ಸಿಂಗಳೀಕ, ಕಾಳಿಂಗ ಸರ್ಪಗಳ ಕಾಡು ಅದು. ಕಡಲಿನಿಂದ ಘಟ್ಟದ ತುದಿಯವರೆಗೆ ಒಂದೇ ದಿನದಲ್ಲಿ ನೋಡಬಹುದಾದ ಇಂತಹ ನಾಡು ಎಷ್ಟು ಜನರಿಗೆ ದಕ್ಕುತ್ತದೆ?

ಇವೆಲ್ಲ ದೂರವಾಯಿತು, ಮನೆಬಿಟ್ಟು ಹೋಗಲು ನಮಗೆಲ್ಲಿ ಪುರುಸೊತ್ತು ಎನ್ನುವಿರಾ? ಸರಿ, ನಿಮ್ಮ ಅಡುಗೆಮನೆಯ ಕಿಟಕಿಯಿಂದಲೇ ಆರಂಭಿಸಿ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಮಡಿವಾಳ ಹಕ್ಕಿ ಕೂತು ಹಾಡುತ್ತದೆ. ಬೇಲಿಯಲ್ಲಿ ಕೆಂಬೂತ, ವಿದ್ಯುತ್ ತಂತಿಯಲ್ಲಿ ಕಳ್ಳಿಪೀರ. ಕೆಲವು ಅಂಗಳಗಳಿಗೆ ಚಳಿಗಾಲದಲ್ಲಿ ನವರಂಗವೆಂಬ ಬಣ್ಣದ ಹಕ್ಕಿಯೂ ಬಂದು ತರಗೆಲೆ ಕೆದಕುತ್ತದೆ. ಕೈಯಲ್ಲಿರುವ ಮೊಬೈಲ್ ಸಾಕು. ಬೇಕಾಗಿರುವುದು ತಾಳ್ಮೆ. ಅದು ಗೃಹಿಣಿಯರಲ್ಲಿ ಧಾರಾಳವಾಗಿದೆ.

ಹತ್ತನೇ ತರಗತಿಯ ಪಕ್ಷಿತಜ್ಞೆ

ಪಕ್ಷಿ ಎಂದರೆ ಎಲ್ಲರಿಗೂ ನೆನಪಾಗುವುದು ಡಾ. ಸಲೀಂ ಅಲಿ. ಆದರೆ ಜಮಾಲ್ ಆರಾ ಎಂಬ ಹೆಸರನ್ನು ಕೇಳಿದ್ದೀರಾ? 1923ರಲ್ಲಿ ಜನಿಸಿದ ಈ ಮುಸ್ಲಿಮ್ ಮಹಿಳೆಗೆ ಕಾಲೇಜು ಶಿಕ್ಷಣವಿರಲಿಲ್ಲ. ಅವರು ಓದಿದ್ದು ಹತ್ತನೇ ತರಗತಿಯವರೆಗೆ. ಇಂದಿನ ಜಾರ್ಖಂಡ್‌ನ ರಾಂಚಿಯ ಆಸುಪಾಸಿನ ಕಾಡುಗಳಲ್ಲಿ ಕಂಡ ಹಕ್ಕಿಗಳ ಬಗ್ಗೆ ಟಿಪ್ಪಣಿ ಬರೆದಿಡುತ್ತಾ ಹೋದರು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅವರ ಬರಹಗಳು ಬಂದವು. 1970ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಅವರ ಪಕ್ಷಿವೀಕ್ಷಣೆಯ ಪುಸ್ತಕವನ್ನು ಮಕ್ಕಳಿಗಾಗಿ ಹೊರತಂದಿತು. ಅವರನ್ನು ಭಾರತದ ಮೊದಲ ಪಕ್ಷಿ ಮಹಿಳೆ ಎಂದು ಕರೆಯುವವರಿದ್ದಾರೆ. ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕಾದ ಕಥೆಯಲ್ಲವೇ ಇದು?

ನಮ್ಮ ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರಿದ್ದರು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಾ, ಕಥೆ ಕಾದಂಬರಿ ಬರೆಯುತ್ತಾ, ಹಕ್ಕಿಗಳ ಚಿತ್ರ ತೆಗೆದವರು. 2007ರಲ್ಲಿ ಅವರು ತೀರಿಕೊಂಡರು. ಹಕ್ಕಿಗಳ ಬಗ್ಗೆ ಅವರು ಕನ್ನಡದಲ್ಲಿ ಬರೆದ ಪುಸ್ತಕಗಳು ಉಳಿದಿವೆ. ಮನೆಯಲ್ಲಿ ಮಕ್ಕಳಿದ್ದರೆ ಒಂದನ್ನಾದರೂ ತಂದಿಡಿ.

ಸುಹೈಲ್ ಎಂಬ ನಕ್ಷತ್ರ

ಇನ್ನು ರಾತ್ರಿಯ ಆಕಾಶ. ಫೆಬ್ರವರಿಯಲ್ಲಿ ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ತೆಂಗಿನ ಮರಗಳ ಮೇಲೆ ಒಂಟಿಯಾಗಿ ಹೊಳೆಯುವ ನಕ್ಷತ್ರ ಕಾಣುತ್ತದೆ. ರಾತ್ರಿಯ ನಕ್ಷತ್ರಗಳಲ್ಲಿ ಪ್ರಕಾಶದಲ್ಲಿ ಎರಡನೆಯದು. ನಮ್ಮ ನಾಡಿನಲ್ಲಿ ಅದನ್ನು ಅಗಸ್ತ್ಯ ಎನ್ನುತ್ತಾರೆ. ಅರಬರು ಸುಹೈಲ್ ಎಂದರು. ನಮ್ಮ ಎಷ್ಟು ಮನೆಗಳಲ್ಲಿ ಸುಹೈಲ್ ಎಂಬ ಮಗನಿಲ್ಲ! ಆಗಸ್ಟ್ ಕೊನೆಯಲ್ಲಿ ಮುಂಜಾನೆ ಸುಹೈಲ್ ಮೂಡಿತೆಂದರೆ ಸೆಕೆಯ ಸೊಕ್ಕು ಮುರಿಯಿತು ಎಂದು ಗಲ್ಫ್‌ನ ಜನ ಇಂದಿಗೂ ಸಂತೋಷಪಡುತ್ತಾರೆ. ನಿಮ್ಮ ಮನೆಯ ಸುಹೈಲ್‌ಗೆ ಅವನ ನಕ್ಷತ್ರವನ್ನು ತೋರಿಸಿದ್ದೀರಾ?

ನಕ್ಷತ್ರಗಳ ಫೋಟೋ ತೆಗೆಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಅಮಾವಾಸ್ಯೆಯ ಹತ್ತಿರದ ದಿನ ಆರಿಸಿ. ಮೊಬೈಲನ್ನು ಸ್ಟ್ಯಾಂಡಿನ ಮೇಲೆ ಅಲುಗಾಡದಂತೆ ಇರಿಸಿ. ಹತ್ತರಿಂದ ಇಪ್ಪತ್ತು ಸೆಕೆಂಡು ಬೆಳಕು ಹೀರುವಂತೆ ಹೊಂದಿಸಿ, ಟೈಮರ್ ಹಾಕಿ ಕೈ ಬಿಡಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕಾರುಬಾರು. ಹಾಗಾಗಿ ಆಕಾಶಗಂಗೆಯನ್ನು ಬಯಸುವವರಿಗೆ ಮಾರ್ಚ್, ಏಪ್ರಿಲ್‌ನ ಬೆಳಗಿನ ಜಾವವೇ ಗತಿ. ಹೆದ್ದಾರಿಯ ದೀಪಗಳು, ಎಲ್ಲೂರಿನ ವಿದ್ಯುತ್ ಸ್ಥಾವರದ ಬೆಳಕು ಪಡುಬಿದ್ರಿಯ ಆಕಾಶವನ್ನು ಮಸುಕಾಗಿಸಿವೆ. ಹೆಬ್ರಿಯ ಕಡೆಗೆ ಹೋದಂತೆ ಕತ್ತಲು ದಟ್ಟವಾಗುತ್ತದೆ.

ಈ ಕ್ಯಾಮರಾದ ಮೂಲವೂ ನಮಗೆ ಅಪರಿಚಿತವಲ್ಲ. ಸಾವಿರ ವರ್ಷಗಳ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್, ಕತ್ತಲ ಕೋಣೆಯ ಸಣ್ಣ ರಂಧ್ರದಿಂದ ಬಂದ ಬೆಳಕು ಹೊರಗಿನ ವಸ್ತುವಿನ ಬಿಂಬವನ್ನು ಮೂಡಿಸುವ ಬಗೆಯನ್ನು ಪರೀಕ್ಷಿಸಿದರು. ಗ್ರಹಣದ ಸೂರ್ಯನ ಬಿಂಬವನ್ನೂ ಹೀಗೆ ನೋಡಿದರು. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನಿಮಗೆ ನೆನಪಿರಬಹುದು. ಕಾಸರಗೋಡಿನ ಚೆರುವತ್ತೂರಿನಲ್ಲಿ ಬಳೆಯಂತೆ ಕಂಡಿತು. ಆ ದಿನ ಮರದಡಿಯ ನೆಲದಲ್ಲಿ ಎಲೆಗಳ ಸಂದಿಯಿಂದ ಬಿದ್ದ ನೂರಾರು ಸೂರ್ಯಬಿಂಬಗಳನ್ನು ಎಷ್ಟೋ ಹವ್ಯಾಸಿಗಳು ಸೆರೆಹಿಡಿದರು. ಇಬ್ನುಲ್ ಹೈಸಮ್ ಹೇಳಿದ ಪಾಠವೇ ಅದು!

ಆದರೆ ಅದೇ ದಿನ ಎಷ್ಟು ಮನೆಗಳಲ್ಲಿ ಗರ್ಭಿಣಿಯರನ್ನು ಕೋಣೆಯೊಳಗೆ ಕೂಡಿಹಾಕಲಿಲ್ಲ? ಚಾಕು ಮುಟ್ಟಬೇಡ, ಸೂಜಿ ಹಿಡಿಯಬೇಡ ಎಂದು ಹೆದರಿಸಲಿಲ್ಲ? ಪ್ರವಾದಿಯವರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಗ್ರಹಣವಾಯಿತು. ಅದಕ್ಕೂ ಇದಕ್ಕೂ ಜನ ಸಂಬಂಧ ಕಲ್ಪಿಸಿದಾಗ, ಯಾರ ಹುಟ್ಟುಸಾವಿಗಾಗಿಯೂ ಗ್ರಹಣವಾಗುವುದಿಲ್ಲವೆಂದು ಅವರು ತಿದ್ದಿದರು, ನಮಾಝ್ ಮಾಡಿದರು. ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಆ ದುಃಖದ ನಡುವೆ ಕಲಿಸಿದ ಪಾಠವನ್ನು ನಾವೇಕೆ ಮರೆತೆವು? ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘವು ಗ್ರಹಣಗಳಂದು ಸುರಕ್ಷಿತವಾಗಿ ನೋಡುವ ವ್ಯವಸ್ಥೆ ಮಾಡಿದೆ. ಅಂತಹ ಕಡೆಗೆ ಮಕ್ಕಳನ್ನು ಕಳುಹಿಸಿ. ಬರಿಗಣ್ಣಿನಿಂದ ಮಾತ್ರ ಸೂರ್ಯನನ್ನು ನೋಡಬಾರದು, ಮೊಬೈಲನ್ನೂ ನೇರ ಹಿಡಿಯಬಾರದು.

ಇದು ಸರಿಯೇ?

ಜೀವಿಗಳ ಫೋಟೋ ತೆಗೆಯಬಹುದೇ ಎಂಬ ಪ್ರಶ್ನೆ ನಿಮ್ಮಲ್ಲಿ ಏಳಬಹುದು. ವಿದ್ವಾಂಸರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಕ್ಯಾಮರಾ ಹೊಸ ರೂಪವೊಂದನ್ನು ಸೃಷ್ಟಿಸುವುದಿಲ್ಲ, ಅಲ್ಲಾಹನು ಸೃಷ್ಟಿಸಿದ್ದರ ಪ್ರತಿಬಿಂಬವನ್ನು ಹಿಡಿದಿಡುತ್ತದೆ ಅಷ್ಟೇ ಎಂಬುದು ಇಂದಿನ ಅನೇಕ ವಿದ್ವಾಂಸರ ಅಭಿಪ್ರಾಯ. ಮನಸ್ಸು ಒಪ್ಪದವರಿಗೆ ಕಡಲು, ಮೋಡ, ಮರ, ನಕ್ಷತ್ರಗಳೇ ಬೇಕಾದಷ್ಟಿವೆ. ಆಕಾಶವನ್ನು, ಬೆಟ್ಟಗಳನ್ನು, ಒಂಟೆಯನ್ನು ನೋಡಿ ಚಿಂತಿಸಲು ಕುರ್‌ಆನ್ ಮತ್ತೆ ಮತ್ತೆ ಕರೆಯುತ್ತದೆ. ರಮಝಾನಿನ ಚಂದ್ರನಿಗಾಗಿ ಪಡುವಣ ದಿಗಂತದಲ್ಲಿ ಕಣ್ಣು ನೆಡುವ ಕರಾವಳಿಗರಿಗೆ ಆಕಾಶ ನೋಡುವುದು ಹೊಸದೂ ಅಲ್ಲ.

ಪ್ರೀತಿಯೇ ಕಂಟಕವಾಗದಿರಲಿ

ಆದರೆ ಒಂದು ಮಾತು. ಫೋಟೋದ ಹುಚ್ಚು ಜೀವ ತೆಗೆಯಲೂಬಹುದು. ಗೂಡಿನ ಹತ್ತಿರ ಹೋಗಿ ಕೊಂಬೆ ಸರಿಸಿದರೆ ತಾಯಿಹಕ್ಕಿ ಮರಿಗಳನ್ನು ತೊರೆದು ಹೋದೀತು. ಕಾಗೆ, ಹಾವುಗಳಿಗೆ ದಾರಿ ತೆರೆದಂತಾದೀತು. 2024ರ ಆರಂಭದಲ್ಲಿ ಇಲ್ಲಿಗೆ ಸಮೀಪದ ಸಸಿಹಿತ್ಲು ಕಿನಾರೆಯಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಟ್ಟವು. ಸುಮಾರು ಐವತ್ತು ದಿನಗಳಲ್ಲಿ ಮೊಟ್ಟೆಯೊಡೆದು ಬರುವ ಮರಿಗಳು ಬೆಳಕಿರುವ ದಿಕ್ಕೇ ಕಡಲೆಂದು ನಂಬಿ ಓಡುತ್ತವೆ. ಒಂದು ಫ್ಲ್ಯಾಶ್, ಒಂದು ಟಾರ್ಚು ಅವುಗಳ ದಾರಿ ತಪ್ಪಿಸಲು ಸಾಕು. ಕಡಲಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಜಾಗವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಡಿ.

ನಮ್ಮ ಜೀವವೂ ಅಮಾನತ್ತೇ. 2022ರ ಏಪ್ರಿಲ್‌ನಲ್ಲಿ ಮಲ್ಪೆಯ ಸೈಂಟ್ ಮೇರೀಸ್ ದ್ವೀಪದ ಬಂಡೆಗಳಿಂದ ಕಡಲಿಗೆ ಬಿದ್ದು ಕೇರಳದ ವಿದ್ಯಾರ್ಥಿಗಳು ಮೃತಪಟ್ಟರು. ಒದ್ದೆ ಬಂಡೆ, ಬೆನ್ನ ಹಿಂದಿನ ಅಲೆ, ಕೈಯಲ್ಲಿ ಮೊಬೈಲ್ ಈ ಮೂರೂ ಒಂದೆಡೆ ಸೇರಬಾರದು. ಮಕ್ಕಳಿಗೆ ಇದನ್ನು ಗದರಿಯಾದರೂ ಹೇಳಿ.

ಇಂದೇ ಆರಂಭಿಸಿ

ಪ್ರತಿ ಫೆಬ್ರವರಿಯಲ್ಲಿ ಲೋಕದಾದ್ಯಂತ ನಾಲ್ಕು ದಿನಗಳ ಹಿತ್ತಿಲ ಹಕ್ಕಿ ಗಣತಿ ನಡೆಯುತ್ತದೆ. ಭಾರತದವರು 2013ರಿಂದ ಇದರಲ್ಲಿದ್ದಾರೆ. ಹದಿನೈದು ನಿಮಿಷ ಅಂಗಳದಲ್ಲಿ ಕೂತು ಕಂಡ ಹಕ್ಕಿಗಳನ್ನು ಎಣಿಸಿ ಬರೆದು ಕಳುಹಿಸಿದರಾಯಿತು. ಅಜ್ಜಿಯೂ ಮೊಮ್ಮಗಳೂ ಜೊತೆಯಾಗಿ ಮಾಡಬಹುದಾದ ಕೆಲಸ.

ನಿಮ್ಮ ಫೋಟೋದ ಜೊತೆ ದಿನಾಂಕ, ಊರಿನ ಹೆಸರು ಬರೆದಿಡಿ. ಇಂದು ಸಾಮಾನ್ಯವೆಂದು ಕಾಣುವ ಹಕ್ಕಿ ಇಪ್ಪತ್ತು ವರ್ಷಗಳ ಬಳಿಕ ಇಲ್ಲಿರಲಿಕ್ಕಿಲ್ಲ. ಗದ್ದೆ ನಿವೇಶನವಾಗುತ್ತಿದೆ, ಕಡಲು ಕಿನಾರೆಯನ್ನು ಕೊರೆಯುತ್ತಿದೆ, ರಾತ್ರಿಗಳು ಬೆಳಕಾಗುತ್ತಿವೆ. ಆಗ ಇಲ್ಲಿ ಹೀಗೊಂದು ಜೀವವಿತ್ತು ಎಂಬುದಕ್ಕೆ ನಿಮ್ಮ ಚಿತ್ರವೇ ಸಾಕ್ಷಿಯಾದೀತು.

ಮುಂದಿನ ಸಲ ಕಿನಾರೆಗೆ ಹೋದಾಗ ಮನೆಯವರ ಫೋಟೋ ಖಂಡಿತ ತೆಗೆಯಿರಿ. ಆಮೇಲೆ ಒಮ್ಮೆ ಎಲ್ಲರೂ ಕಡಲಿಗೆ ಮುಖಮಾಡಿ, ಮಾತಿಲ್ಲದೆ ಐದು ನಿಮಿಷ ಕುಳಿತುಕೊಳ್ಳಿ. ಏನು ಕಂಡಿತೆಂದು ಮೊದಲು ಕೂಗುವುದು ನಿಮ್ಮ ಮನೆಯ ಅತ್ಯಂತ ಚಿಕ್ಕ ಮಗುವೇ ಇರಬಹುದು.