ಚೈನ್ ಪೂರ್ತಿ ಉಂಟಾ?

ಮುಂಬೈಯಲ್ಲಿ ಹಳೆಯ ಫ್ಲ್ಯಾಟ್ ಮಾರಲು ಹೊರಟವರನ್ನು ಬ್ರೋಕರ್ ಮೊದಲು ಕೇಳುವುದು ರೇಟನ್ನಲ್ಲ, ಚೈನನ್ನು. ಬಿಲ್ಡರ್ ಮೊದಲ ಮಾಲೀಕನಿಗೆ ಬರೆದುಕೊಟ್ಟ ಅಗ್ರಿಮೆಂಟು, ಅವನು ಎರಡನೆಯವನಿಗೆ ಬರೆದುಕೊಟ್ಟದ್ದು, ಎರಡನೆಯವನು ಮೂರನೆಯವನಿಗೆ ಬರೆದುಕೊಟ್ಟದ್ದು, ಹೀಗೆ ಇಂದಿನವರೆಗಿನ ಎಲ್ಲ ಅಸಲು ಪ್ರತಿಗಳು ಬೇಕು. ಜತೆಗೆ ನೋಂದಣಿಯ ರಸೀದಿ, ನೋಂದಣಿ ಕಚೇರಿಯ ಸಾರಾಂಶ ಪತ್ರವಾದ ಇಂಡೆಕ್ಸ್ ಟು, ಸೊಸೈಟಿಯ ಷೇರ್ ಸರ್ಟಿಫಿಕೇಟು. ನಡುವಿನ ಒಂದು ಕೊಂಡಿ ಕಳಚಿದ್ದರೆ ಕೊಳ್ಳುವವನಿಗೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ಸಾಲವಿಲ್ಲದೆ ಈ ನಗರದಲ್ಲಿ ಮನೆ ಕೊಳ್ಳುವವರು ಎಷ್ಟು ಮಂದಿ ಸಿಕ್ಕಾರು?

ಈ ಚೈನು ಜೋಡಿಸಿಕೊಡುವುದನ್ನೇ ಕಸುಬು ಮಾಡಿಕೊಂಡ ಹಿರಿಯರೊಬ್ಬರು ಗೋರೆಗಾಂವ್ ಪೂರ್ವದಲ್ಲಿದ್ದಾರೆ. ಪಡುಬಿದ್ರಿ ಕಡೆಯವರು. ‘ಹೆಸರು ಹಾಕುವುದು ಬೇಡ ಮಾರಾಯ್ರೆ. ನಾನು ವಕೀಲನೂ ಅಲ್ಲ, ಏಜೆಂಟನೂ ಅಲ್ಲ’ ಎಂದರು. ಹುಡುಗನಾಗಿದ್ದಾಗಲೇ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಸಾಲಿಸಿಟರ್ ಕಚೇರಿಯೊಂದರಲ್ಲಿ ಗುಮಾಸ್ತರಾದವರು. ನಿವೃತ್ತಿಯ ಬಳಿಕ, ಮುಂಬೈ ಮನೆ ಮಾರಿ ಊರಿಗೆ ಮರಳುವ ನಮ್ಮವರ ಫೈಲು ಮಾಡಿಕೊಡುತ್ತಿದ್ದಾರೆ. ಫೀಸು ತೆಗೆದುಕೊಳ್ಳುತ್ತಾರೆ, ಎಷ್ಟೆಂದು ಕೇಳಿದ್ದಕ್ಕೆ ನಕ್ಕು ಚಹಾ ತರಿಸಿದರು.

ಫೈಲು ಕೈಗೆ ಬಂದ ಕೂಡಲೇ ಅವರು ಬೆಲೆಯ ಪುಟ ನೋಡುವುದಿಲ್ಲ, ಚದರಡಿಯನ್ನೂ ನೋಡುವುದಿಲ್ಲ. ಒಂದು ಬಿಳಿ ಹಾಳೆಯಲ್ಲಿ, ಪ್ರತಿ ಕಾಗದದಲ್ಲಿರುವ ಹೆಸರನ್ನು ಅದರಲ್ಲಿರುವ ಅಕ್ಷರದಂತೆಯೇ ಪೆನ್ಸಿಲಿನಲ್ಲಿ ಇಳಿಸಿಕೊಳ್ಳುತ್ತಾರೆ. ನಾನು ಅವರನ್ನು ಹುಡುಕಿಕೊಂಡು ಹೋದದ್ದೇ ಈ ಹಾಳೆಯ ಸುದ್ದಿ ಕೇಳಿ.

ಕರಾವಳಿಯವರ ಹೆಸರು ಮುಂಬೈಯ ಕಾಗದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಊರಿನ ಶಾಲೆಯಲ್ಲಿ ಶೀನ. ರೇಶನ್ ಕಾರ್ಡಿನಲ್ಲಿ ಶೀನಾ ಪೂಜಾರಿ. ಫ್ಲ್ಯಾಟಿನ ಅಗ್ರಿಮೆಂಟಿನಲ್ಲಿ ಶ್ರೀನಿವಾಸ ಸಾಲ್ಯಾನ್. ಪ್ಯಾನ್ ಕಾರ್ಡಿನಲ್ಲಿ ಇನಿಶಿಯಲ್ ಹೊತ್ತ ಇನ್ನೊಬ್ಬ. ನಾಲ್ವರೂ ಒಬ್ಬನೇ ಎಂದು ಅಫಿಡವಿಟ್ ಮಾಡಿಸಬೇಕು. ಇದು ಸಣ್ಣ ತಲೆನೋವು. ದೊಡ್ಡದು ಬರಿಯದ್ದು. ಬಂಟರು, ಬಿಲ್ಲವರು, ಮೊಗವೀರರಲ್ಲಿ ಬರಿ, ಅಂದರೆ ವಂಶದ ಹೆಸರು, ಬರುವುದು ತಾಯಿಯಿಂದ. ಅಪ್ಪ ಕೋಟ್ಯಾನ್ ಆಗಿದ್ದರೆ ಮಗ ಸುವರ್ಣನೋ ಬಂಗೇರನೋ ಆಗಬಹುದು. ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಆಡ್ನಾವ್ ಎಂಬ ಮರಾಠಿ ಕ್ರಮದಲ್ಲಿ ಬೆಳೆದ ಸೊಸೈಟಿ ಕಾರ್ಯದರ್ಶಿಗೆ ಇದು ಅರ್ಥವಾಗುವುದಾದರೂ ಹೇಗೆ? ಅಪ್ಪನ ಷೇರು ಮಗನ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಬಂದರೆ, ಇವನು ಮಗನೋ ಅಳಿಯನೋ ಎಂಬ ಸಂಶಯ ಅವರಿಗೆ ಬರುತ್ತದೆ. ಸಂಶಯ ಬಂದ ಕಾಗದ ಅಲ್ಲಿಂದ ಕದಲುವುದಿಲ್ಲ.

ತಾಯಿಯ ಕಡೆಯಿಂದ ವಂಶ ಎಣಿಸುವ ಈ ಅಳಿಯಕಟ್ಟು, ಅಂದರೆ ಅಳಿಯಸಂತಾನ ಪದ್ಧತಿ, ಹೆಸರಿಗಷ್ಟೇ ನಿಂತಿಲ್ಲ. ಒಂದು ಫೈಲಿನ ಕಥೆಯನ್ನು ಅವರು ವಿವರವಾಗಿ ಹೇಳಿದರು. ಮುಲ್ಕಿ ಕಡೆಯ ಒಂದು ಬಂಟ ಕುಟುಂಬ, ಹೆಂಡತಿಯ ಹೆಸರಿನಲ್ಲಿ ಕೊಂಡ ಫ್ಲ್ಯಾಟು. ಆಕೆ ವಿಲ್ ಬರೆಯದೆ ತೀರಿಕೊಂಡರು. ಗಂಡ, ಮಕ್ಕಳು ಸೇರಿ ಮಾರೋಣವೆಂದು ವಕೀಲರು ಕಾಗದ ಸಿದ್ಧಮಾಡಿದ್ದರು. ಸಾಮಾನ್ಯವಾಗಿ ಹಿಂದೂ ಹೆಣ್ಣಿನ ಆಸ್ತಿಗೆ ಮಕ್ಕಳ ಜತೆ ಗಂಡನೂ ಮೊದಲ ಸಾಲಿನ ವಾರಸುದಾರ, ಸರಿ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 17ನೇ ಕಲಮು ಅಳಿಯಸಂತಾನದವರಿಗೆ ಬೇರೆಯೇ ಸಾಲು ಹಾಕಿದೆ. ಮೊದಲು ಮಕ್ಕಳು ಮತ್ತು ತಾಯಿ. ಗಂಡನ ಸರದಿ ಆಮೇಲೆ, ಆಕೆಯ ತಂದೆಯ ಜತೆಗೆ. ತೀರಿಕೊಂಡಾಕೆಯ ತಾಯಿ ಊರಿನಲ್ಲಿ ಇನ್ನೂ ಇದ್ದರು! ಮುಂಬೈ ಫ್ಲ್ಯಾಟಿನಲ್ಲಿ ತನಗೊಂದು ಪಾಲಿದೆ ಎಂಬುದೇ ಆ ಮುದುಕಿಗೆ ಗೊತ್ತಿರಲಿಲ್ಲ. ಊರಿನಲ್ಲೇ ಪವರ್ ಆಫ್ ಅಟಾರ್ನಿ ಮಾಡಿಸಿ, ಇಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿದ ಮೇಲೆಯೇ ಫೈಲು ಮುಂದೆ ಹೋಯಿತು. ‘ವಕೀಲರು ತಪ್ಪು ಮಾಡಿದ್ದಲ್ಲ. ಅವರಿಗೆ ನಮ್ಮ ಕಟ್ಟು ಗೊತ್ತಿಲ್ಲ, ಅಷ್ಟೆ’ ಎಂದರು ಹಿರಿಯರು. ಅವರ ಮೇಜಿನ ಮೇಲಿದ್ದ ಕಾಯ್ದೆ ಪುಸ್ತಕದಲ್ಲಿ ಆ ಪುಟಕ್ಕೆ ಬಸ್ ಟಿಕೆಟಿನ ಗುರುತು ಇತ್ತು.

ಸೊಸೈಟಿ ಎಂಬ ಪದ್ಧತಿಯ ಚರಿತ್ರೆಯೂ ಅವರಿಂದಲೇ ಕೇಳಿದ್ದು. ಗಾಂದೇವಿಯ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ ನೋಂದಾಯಿತವಾದದ್ದು 1915ರಲ್ಲಿ. ಈ ದೇಶದ ಸಹಕಾರಿ ವಸತಿಯ ಹಳೆಯ ಬೇರು ಅಲ್ಲಿದೆ. ಅದರ ಹಿಂದೆ ನಿಂತವರು ಚಿತ್ರಾಪುರ ಸಾರಸ್ವತರಾದ ರಾವ್ ಬಹಾದೂರ್ ತಲ್ಮಕಿ, 1906ರಲ್ಲಿ ಶಾಮರಾವ್ ವಿಠಲ್ ಬ್ಯಾಂಕನ್ನು ಹುಟ್ಟುಹಾಕಿದವರೇ. ಹೊಟ್ಟೆಪಾಡಿಗೆ ಕೆನರಾದಿಂದ ಬಂದವರೇ ಈ ನಗರಕ್ಕೆ ಸೊಸೈಟಿ ಪದ್ಧತಿ ಕಲಿಸಿದರು ಎಂಬ ಹೆಮ್ಮೆ ಹಿರಿಯರ ಮಾತಿನಲ್ಲಿತ್ತು. ಇರಲಿ, ಹೆಮ್ಮೆಪಡಬೇಕಾದದ್ದೇ. ಆ ಪದ್ಧತಿಯ ಕುರುಹು ಷೇರ್ ಸರ್ಟಿಫಿಕೇಟು. ಹಳೆಯ ಸೊಸೈಟಿಗಳಲ್ಲಿ ಸಾಮಾನ್ಯವಾಗಿ ತಲಾ ಐವತ್ತು ರೂಪಾಯಿಯ ಐದು ಷೇರು. ಇಂದು ಕೋಟಿ ಬಾಳುವ ಮನೆಯ ಒಡೆತನ ಇನ್ನೂರೈವತ್ತು ರೂಪಾಯಿಯ ಆ ಕಾಗದದ ಬೆನ್ನಿನಲ್ಲಿ, ಒಂದರ ಕೆಳಗೊಂದು ಹೆಸರಾಗಿ ಇಳಿಯುತ್ತ ಹೋಗುತ್ತದೆ.

ಹಳೆಯ ಅಗ್ರಿಮೆಂಟುಗಳಲ್ಲಿ ಅವರು ಹುಡುಕುವ ಇನ್ನೊಂದು ಸಂಗತಿ ತಾರೀಕು. ಮಹಾರಾಷ್ಟ್ರದಲ್ಲಿ 1985ರ ಡಿಸೆಂಬರ್ 10 ಒಂದು ಗಡಿ. ಅದಕ್ಕೆ ಮೊದಲು ಐದು ರೂಪಾಯಿ ಸ್ಟ್ಯಾಂಪ್ ಪೇಪರಿನ ಮೇಲೆ ಫ್ಲ್ಯಾಟಿನ ಅಗ್ರಿಮೆಂಟು ಬರೆಯುವುದು ವಾಡಿಕೆಯಾಗಿತ್ತು. ಆ ದಿನದಿಂದ, ಮನೆಯ ಸ್ವಾಧೀನ ಕೊಡುವ ಅಗ್ರಿಮೆಂಟನ್ನೇ ಕ್ರಯಪತ್ರವೆಂದು ಎಣಿಸಿ ಪೂರ್ತಿ ಸ್ಟ್ಯಾಂಪ್ ಡ್ಯೂಟಿ ಹಾಕತೊಡಗಿದರು. ಆಮೇಲೆಯೂ ಹಳೇ ಅಭ್ಯಾಸದಂತೆ ಐದು ರೂಪಾಯಿಯಲ್ಲಿ ಮುಗಿಸಿದವರ ಮಕ್ಕಳು ಈಗ ದಂಡದ ಲೆಕ್ಕ ಹಾಕುತ್ತ ಕೂರುತ್ತಾರೆ. 1980ರಿಂದ 2020ರವರೆಗಿನ ಕಾಗದಗಳಿಗೆ ಸರಕಾರ 2023ರ ಡಿಸೆಂಬರಿನಲ್ಲಿ ‘ಅಭಯ ಯೋಜನೆ’ ತಂದಾಗ ಇವರ ಮನೆ ಮುಂದೆ ಚಪ್ಪಲಿಗಳ ಸಾಲೇ ಇತ್ತಂತೆ. ನೋಂದಣಿ ಮಾಡಿಸಿದ್ದವರದ್ದು ಬೇರೆ ಫಜೀತಿ. ಆ ಕಾಲದಲ್ಲಿ ಮುಂಬೈಯ ದಸ್ತಾವೇಜುಗಳು ಫೋಟೋ ಪ್ರತಿಗಾಗಿ ಪುಣೆಗೆ ಹೋಗುತ್ತಿದ್ದವು, ಮರಳಲು ವರ್ಷಗಳೇ ಹಿಡಿಯುತ್ತಿದ್ದವು. ಅಷ್ಟರಲ್ಲಿ ಮಾಲೀಕರೇ ಮರೆತಿರುತ್ತಿದ್ದರು. ಅಸಲು ಎಲ್ಲಿ ಎಂದರೆ ಮಡಚಿ ಮಡಚಿ ಹರಿದ ರಸೀದಿ ತೆಗೆದು ತೋರಿಸುವ ಮನೆಗಳು ಈಗಲೂ ಇವೆ.

ಮಿಕ್ಕ ಕೆಲಸ ಬೇಗ ಹೇಳಿ ಮುಗಿಸಬಹುದು. ಸೊಸೈಟಿಗೆ ಹದಿನೈದು ದಿನ ಮೊದಲು ನೋಟೀಸು, ಬಾಕಿಯಿಲ್ಲವೆಂಬ ಪತ್ರ, ವಿದ್ಯುತ್ ಬಿಲ್ಲು, ಸಿಕ್ಕಿದರೆ ಕಟ್ಟಡ ವಾಸಕ್ಕೆ ಯೋಗ್ಯವೆಂಬ ಓಸಿ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವನು ಶೇಕಡ ಒಂದು ಟಿಡಿಎಸ್ ಹಿಡಿಯುತ್ತಾನೆ. ಮಾರುವ ಮಗ ದುಬೈಯಲ್ಲಿದ್ದರೆ ಆ ಲೆಕ್ಕವೇ ಬೇರೆ. ಮಾದರಿ ಬೈಲಾದಂತೆ ವರ್ಗಾವಣೆಗೆ ಸೊಸೈಟಿಯ ಎನ್‌ಓಸಿ ಕಡ್ಡಾಯವಲ್ಲ, ಆದರೆ ಬ್ಯಾಂಕು ಕೇಳುತ್ತದೆ, ಆದ್ದರಿಂದ ಸೊಸೈಟಿ ಬಿಗಿಯುತ್ತದೆ. ಟ್ರಾನ್ಸ್‌ಫರ್ ಪ್ರೀಮಿಯಂ 25,000 ರೂಪಾಯಿ ಮೀರಬಾರದೆಂದು 2001ರಲ್ಲೇ ಸರಕಾರಿ ಆದೇಶವಾಗಿದೆ. ಆದರೂ ಬಿಲ್ಡಿಂಗ್ ಫಂಡಿಗೆ ‘ಸ್ವಇಚ್ಛೆಯ’ ದೇಣಿಗೆ ಕೇಳುವ ಸೊಸೈಟಿಗಳಿಗೆ ಬರವಿಲ್ಲ. ಸ್ವಇಚ್ಛೆ ಯಾರದ್ದು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಅಸಲು ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು, ಆಮೇಲೆ ಪತ್ರಿಕೆಯಲ್ಲಿ ಪಬ್ಲಿಕ್ ನೋಟೀಸು: ಒಂದು ಇಂಗ್ಲಿಷಿನಲ್ಲಿ, ಒಂದು ಮರಾಠಿಯಲ್ಲಿ. ಫ್ರೀ ಪ್ರೆಸ್ ಜರ್ನಲ್, ನವಶಕ್ತಿಗಳ ಪುಟಗಟ್ಟಲೆ ಸಣ್ಣಕ್ಷರಗಳು ಇವೇ. ತಕರಾರು ಇದ್ದವರು ಇಷ್ಟು ದಿನದೊಳಗೆ ಹೇಳಿರಿ ಎಂಬ ಒಕ್ಕಣೆ. ಹಿರಿಯರಿಗೆ ಇದರ ಬಗ್ಗೆ ಒಂದು ಆಕ್ಷೇಪವಿದೆ. ‘ತಕರಾರು ಮಾಡಬೇಕಾದ ದಾಯಾದಿ ಕಾಪುವಿನಲ್ಲಿ ಕೂತು ಕನ್ನಡ ಪೇಪರು ಓದುತ್ತಾನೆ. ನೋಟೀಸು ಅವನಿಗೆ ಕಾಣುವುದೇ ಇಲ್ಲ. ಅದಕ್ಕೇ ಎಲ್ಲರೂ ಅದನ್ನು ಇಷ್ಟಪಡುವುದು!’

2002ರಿಂದ ನೋಂದಣಿ ಕಂಪ್ಯೂಟರಿಗೆ ಬಂತು. ಆಮೇಲಿನ ಕಾಗದಗಳ ಇಂಡೆಕ್ಸ್ ಟು ಈಗ ಮನೆಯಲ್ಲಿ ಕೂತೇ ಸಿಗುತ್ತದೆ. ತೀರ ಹಳೆಯದ್ದು ಬೇಕೆಂದರೆ ಕೈಬರಹದ ಪುಸ್ತಕ ತಿರುವಬಲ್ಲ ಸರ್ಚ್ ಕ್ಲರ್ಕ್ ಬೇಕು. ಫೋರ್ಟಿನ ಓಲ್ಡ್ ಕಸ್ಟಮ್ ಹೌಸಿನ ಪಡಸಾಲೆಗಳಲ್ಲಿ ಹಿಂದೆ ಅಂಥ ಕನ್ನಡದವರ ಗುಂಪೇ ಇತ್ತಂತೆ. ಈಗ ಫೋನು ಮಾಡಿದರೆ ಎತ್ತುವವರು ಕಡಿಮೆ, ಎತ್ತಿದರೂ ಊರಿನಿಂದ ಮಾತಾಡುತ್ತಾರೆ. ಈಚೆಗೆ ಉಪನಗರಗಳಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ. ಹೊಸ ಕಟ್ಟಡದ ಅಗ್ರಿಮೆಂಟಿಗೆ ಸಹಿ ಹಾಕುವ ಹೊತ್ತಿಗೆ ಅದೇ ಶೀನ, ಅದೇ ಶ್ರೀನಿವಾಸ ಮತ್ತೆ ಎದ್ದು ಬರುತ್ತಾರೆ. ಬಿಳಿ ಹಾಳೆಯ ಕೆಲಸ ಕಲಿಯಲು ಮಾತ್ರ ಯಾರೂ ಬಂದಿಲ್ಲ. ಕಲಿಸಲು ಇವರು ಸಿದ್ಧರಿದ್ದಾರೆ. ಮೊದಲು ಬರಿ ಎಂದರೇನೆಂದು ಕಲಿಸಬೇಕು.

ಮಾರಾಟವಾದ ದಿನ ಚೈನಿನ ಅಸಲು ಕಾಗದಗಳೆಲ್ಲ ಕೊಂಡವರ ಕೈಗೆ ಹೋಗುತ್ತವೆ. ಅಪ್ಪ ಎಪ್ಪತ್ತರ ದಶಕದಲ್ಲಿ ಸಹಿ ಹಾಕಿದ ಮೊದಲ ಅಗ್ರಿಮೆಂಟು, ಒಂದು ಹಾಳೆಯನ್ನಾದರೂ ಇಟ್ಟುಕೊಳ್ಳಬಹುದೇ ಎಂದು ಎಷ್ಟೋ ಮಂದಿ ಕೇಳುತ್ತಾರಂತೆ. ಆಗುವುದಿಲ್ಲ, ಅದು ಮುಂದಿನವನ ಚೈನು. ಹಿರಿಯರು ಅಪ್ಪನ ಸಹಿಯಿರುವ ಪುಟದ ಕಲರ್ ಝೆರಾಕ್ಸ್ ತೆಗೆಸಿ, ಟ್ಯಾಕ್ಸ್ ಕಾಗದಗಳ ಜತೆ ಇಟ್ಟುಕೊಳ್ಳಿ, ಕ್ಯಾಪಿಟಲ್ ಗೇನ್ ಲೆಕ್ಕಕ್ಕೆ ಬೇಕಾಗಬಹುದು ಎಂದು ಕೊಡುತ್ತಾರೆ. 2001ರ ಏಪ್ರಿಲಿಗೆ ಮೊದಲು ಕೊಂಡ ಮನೆಗೆ ಆಗಿನ ಮಾರುಕಟ್ಟೆ ಬೆಲೆ ಹಿಡಿಯಬಹುದಾದ್ದರಿಂದ ಹೆಚ್ಚಿನ ಸಲ ಆ ಪುಟ ಬೇಕಾಗುವುದೇ ಇಲ್ಲ. ಅದು ಅವರಿಗೂ ಗೊತ್ತು.