ಆರು ಮಂದಿ ಮಹಾರಾಜರು, ಒಂದು ಅಡಕೊತ್ತು

ನಮ್ಮ ಸೊಸೈಟಿಯ ಭಾನುವಾರದ ಕನ್ನಡ ತರಗತಿಯ ಮಕ್ಕಳಿಗೆ ವೇಷ ಹಾಕಿಸಿ ಪುಣೆಯ ಶುಕ್ರವಾರ ಪೇಠೆಯ ರಾಜಾ ದಿನಕರ ಕೇಳಕರ ಮ್ಯೂಸಿಯಂಗೆ ಮೊದಲ ಸಲ ಕರೆದೊಯ್ದಾಗ, ಹದಿನಾಲ್ಕು ಮಕ್ಕಳಲ್ಲಿ ಆರು ಮಂದಿ ಮಹಾರಾಜರು, ನಾಲ್ವರು ಕಿತ್ತೂರು ಚೆನ್ನಮ್ಮ! ಒಳಗೆ ಹೋದ ಮೇಲೆ ಈ ರಾಜರಾಣಿಯರಿಗೆ ಮಾಡಲು ಕೆಲಸವೇ ಇರಲಿಲ್ಲ. ಅರ್ಧ ಗಂಟೆಗೆ 'ಹಸಿವು' ಎಂದರು.

ತಪ್ಪು ನನ್ನದೇ. ಹೆಸರಲ್ಲಿ 'ರಾಜಾ' ಇದ್ದರೂ ಅದು ಅರಸರ ಮ್ಯೂಸಿಯಂ ಅಲ್ಲ. ರಾಜಾ ಎಂಬುದು ಕೇಳಕರರ ಮಗನ ಹೆಸರು; ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಹುಡುಗ. ಕನ್ನಡಕದ ಅಂಗಡಿ ನಡೆಸುತ್ತಿದ್ದ, 'ಅಜ್ಞಾತವಾಸಿ' ಎಂಬ ಹೆಸರಲ್ಲಿ ಕವಿತೆ ಬರೆಯುತ್ತಿದ್ದ ದಿನಕರ ಕೇಳಕರರು 1920ರ ಸುಮಾರಿಗೆ ಹಳೆಯ ಸಾಮಾನು ಕೂಡಿಡಲು ಶುರು ಮಾಡಿ, ಮುಂದೆ ಆ ಸಂಗ್ರಹವನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಅಲ್ಲಿರುವುದು ದೀಪ, ಪಾತ್ರೆ, ಬಾಗಿಲು, ವಾದ್ಯ, ಅಡಕೊತ್ತು. ಅಂದರೆ ಬಹುಪಾಲು ಮನೆಮಂದಿಯ ಬದುಕು. ಒಟ್ಟು 20,000ಕ್ಕೂ ಹೆಚ್ಚು ವಸ್ತುಗಳಲ್ಲಿ ನೋಡಲು ಇಟ್ಟಿರುವುದು ಸುಮಾರು 2,500.

ಹಾಗಾಗಿ ಈ ವರ್ಷ ತಯಾರಿ ಬದಲಿಸಿದೆ. ನಿಯಮ ಒಂದೇ: ಯಾರೂ ರಾಜರಾಗುವಂತಿಲ್ಲ. ಪ್ರತಿ ಮಗುವೂ ಒಂದು ಸಾಮಾನು ಆರಿಸಿಕೊಂಡು, ಅದನ್ನು ಬಳಸುತ್ತಿದ್ದವರ ವೇಷ ಹಾಕಬೇಕು. ಮೂರು ಪ್ರಶ್ನೆಗೆ ಉತ್ತರ ಹುಡುಕಬೇಕು. ನಮ್ಮೂರಲ್ಲಿ ಇದಕ್ಕೇನಂತಾರೆ? ಇದನ್ನು ಹಿಡಿದಾಗ ಎಲ್ಲಿ ನೋಯುತ್ತಿತ್ತು? ಈಗ ಆ ಕೆಲಸ ಯಾರು ಮಾಡುತ್ತಾರೆ? ಇಂಟರ್ನೆಟ್ ಇಲ್ಲ, ಊರಿಗೆ ಫೋನ್ ಮಾಡಿ ಕೇಳಬೇಕು. ಬಟ್ಟೆ ಬಾಡಿಗೆಯದ್ದಲ್ಲ, ಮನೆಯ ಟ್ರಂಕಿನದ್ದು.

ಐದನೇ ಕ್ಲಾಸಿನ ಹುಡುಗಿಯೊಬ್ಬಳು ಅಡಕೊತ್ತು ಆರಿಸಿದಳು. ಅವಳ ಅಜ್ಜಿ ವಿಜಯಪುರದ ಕಡೆಯವರು. ಅಜ್ಜಿ ಕನ್ನಡದಲ್ಲಿ ಕೇಳಿದರೆ ಇವಳದು ಮರಾಠಿ, ಹಿಂದಿ ಬೆರೆಸಿದ ಉತ್ತರ. ವಿಡಿಯೋ ಕಾಲ್ ಎರಡೇ ನಿಮಿಷಕ್ಕೆ 'ಊಟಾತೇನ್?' ಅಲ್ಲಿಗೇ ಮುಗಿಯುತ್ತಿತ್ತಂತೆ. ಈ ಸಲ ಮುಕ್ಕಾಲು ಗಂಟೆ! ಒಂದು ಮೊಣಕಾಲು ಮಡಚಿ ಕೂಡುವುದು ಹೇಗೆ, ಸಂಚಿ ಬಿಚ್ಚುವುದು ಹೇಗೆ, ಬೆರಳು ಸಿಗದಂತೆ ಅಡಕಿ ಹಿಡಿಯುವುದು ಹೇಗೆ, ಎಲ್ಲ ಪಾಠವಾಯಿತು.

ಮ್ಯೂಸಿಯಂನಲ್ಲಿ ನಾನಾ ಆಕಾರದ ಅಡಕೊತ್ತುಗಳ ಮುಂದೆ ಅವಳು ಇಳಕಲ್ ಸೀರೆಯುಟ್ಟು, ಬರಿಗೈಯಲ್ಲೇ ಅಡಕಿ ಕತ್ತರಿಸುವ ಅಭಿನಯ ಮಾಡುತ್ತ ನಿಂತಳು. ನೋಡಲು ಬಂದಿದ್ದ ಮರಾಠಿ ಅಜ್ಜಿಯೊಬ್ಬರು ನಕ್ಕು 'ಅಡಕಿತ್ತಾ!' ಎಂದರು. ಇವಳು ತಟ್ಟನೆ, 'ನಮ್ಮಲ್ಲಿ ಅಡಕೊತ್ತು' ಎಂದಳು. ಎರಡೂ ಪದ ಒಂದೇ ಮನೆಯವು ಎಂದು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಇಬ್ಬರಿಗೂ ಕಿವಿಯಲ್ಲೇ ಗೊತ್ತಾಗಿತ್ತು.

ನೀವೂ ಮಕ್ಕಳನ್ನು ಕರೆದೊಯ್ಯುವುದಾದರೆ ಎರಡು ಮಾತು. ಮೊದಲೇ ಒಬ್ಬರೇ ಹೋಗಿ ನೋಡಿ ಬನ್ನಿ. ಗುಂಪಿಗೂ ವೇಷಕ್ಕೂ ಫೋಟೋಕ್ಕೂ ಅನುಮತಿ ಕೇಳಿ. ಕಡೆಗೆ ಬಹುಮಾನ ಇಡಬೇಡಿ. ಇಟ್ಟರೆ ಮತ್ತೆ ಮಹಾರಾಜರೇ ಬರುತ್ತಾರೆ.

ಈಗ ಭಾನುವಾರ ಬೆಳಿಗ್ಗೆ ಆ ಅಜ್ಜಿಯೇ ಫೋನ್ ಮಾಡುತ್ತಾರಂತೆ, 'ಈ ವಾರ ಯಾವ ಸಾಮಾನದ ಪಾಠ?' ಎಂದು.