ಕಾಕಂಬಿಗೆ ಎರಡು ದಿನ, ಬಿಯರಿಗೆ ನಾಲ್ಕು ವಾರ

ಕಬ್ಬಿನ ಹಂಗಾಮು ಬಂತೆಂದರೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ರಸ್ತೆಗಳ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳದೇ ಸಾಲು. ಆ ಕಬ್ಬಿನ ಸಿಹಿಯೆಲ್ಲ ಸಕ್ಕರೆಯಾಗುವುದಿಲ್ಲ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿ ಡಿಸ್ಟಿಲರಿಗೆ ಹೋಗುತ್ತದೆ. ಮುಧೋಳದ ನಿರಾಣಿ ಶುಗರ್ಸ್, ಮಹಾಲಿಂಗಪುರದ ಹತ್ತಿರ ಸಮೀರವಾಡಿಯ ಗೋದಾವರಿ ಬಯೋರಿಫೈನರೀಸ್ ಈ ಭಾಗದಲ್ಲಿ ಎಥೆನಾಲ್ ತಯಾರಿಸುವ ದೊಡ್ಡ ಹೆಸರುಗಳು.

ನೀರು ಬೆರೆಸಿದ ಕಾಕಂಬಿಗೆ ಯೀಸ್ಟ್ ಸೇರಿಸಿದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹುದುಗುವ ಕೆಲಸ ಮುಗಿಯುತ್ತದೆ. ಅದೇ ಜಾತಿಯ ಯೀಸ್ಟಿನಿಂದ ಮನೆಯಲ್ಲಿ ಮೊದಲ ಸಲ ಬಿಯರ್ ಮಾಡುವವರಿಗೆ ಮಾತ್ರ ಪಳಗಿದವರು ನಾಲ್ಕು ವಾರ ಕಾಯಲು ಹೇಳುತ್ತಾರೆ.

ಕಾರಣ ಭಟ್ಟಿಯಲ್ಲಿದೆ. ಡಿಸ್ಟಿಲರಿಗೆ ಬೇಕಾದದ್ದು ಆಲ್ಕೋಹಾಲ್ ಮಾತ್ರ, ರುಚಿಯಲ್ಲ. ಹುದುಗಿದ ದ್ರವವನ್ನು ಕಾಯಿಸಿ, ಆವಿಯಾಗಿಸಿ, ನೀರು ತೆಗೆದು, ಪೆಟ್ರೋಲಿಗೆ ಬೆರೆಸುವ ಎಥೆನಾಲನ್ನು ಶೇ. 99ಕ್ಕೂ ಹೆಚ್ಚು ಶುದ್ಧ ಮಾಡುತ್ತಾರೆ. ಬಿಯರಿಗೆ ಭಟ್ಟಿಯಿಲ್ಲ. ಯೀಸ್ಟ್ ಏನು ಉಳಿಸಿತೋ ಅದೆಲ್ಲ ಲೋಟಕ್ಕೇ ಬರುತ್ತದೆ.

ಏಲ್ ಬಗೆಯ ಬಿಯರಿನಲ್ಲಿ ಸಕ್ಕರೆಯ ಬಹುಪಾಲು ಮೊದಲ ಮೂರ್ನಾಲ್ಕು ದಿನದಲ್ಲೇ ತೀರಿಹೋಗುತ್ತದೆ. ನೊರೆ ಇಳಿಯುತ್ತದೆ, ಗುಳ್ಳೆ ನಿಲ್ಲುತ್ತದೆ. ಹೊಸಬರು ಅವಸರ ಮಾಡುವುದು ಇಲ್ಲಿಯೇ. ಆಗಿನ್ನೂ ಬಿಯರಿನಲ್ಲಿ ಹಸಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡ್, ಬೆಣ್ಣೆಯ ವಾಸನೆಯ ಡೈಅಸಿಟೈಲ್ ಇರುತ್ತವೆ. ತಾನೇ ಹೊರಬಿಟ್ಟ ಇವನ್ನು ಯೀಸ್ಟ್ ನಂತರದ ದಿನಗಳಲ್ಲಿ ಮರಳಿ ಹೀರಿಕೊಳ್ಳುತ್ತದೆ. ಹೊರಗಿನಿಂದ ಏನೂ ನಡೆಯದಂತೆ ಕಾಣುವ ಆ ವಾರದಲ್ಲೇ ರುಚಿ ತಿದ್ದಿಕೊಳ್ಳುತ್ತದೆ.

ಹಾಗಾದರೆ ಮುಗಿಯಿತೆಂದು ತಿಳಿಯುವುದು ಹೇಗೆ? ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ. ಸಿಹಿ ಹೆಚ್ಚಿದ್ದಷ್ಟೂ ದ್ರವ ಸಾಂದ್ರ. ಆರಂಭದಲ್ಲಿ 1.050 ತೋರಿಸಿದ್ದು ಕೊನೆಗೆ 1.010ರ ಆಸುಪಾಸಿಗೆ ಇಳಿಯಬಹುದು. ಎರಡು ಮೂರು ದಿನ ಅಂತರದಲ್ಲಿ ನೋಡಿದಾಗಲೂ ಅಂಕಿ ಕದಲದಿದ್ದರೆ ಮಾತ್ರ ಹುದುಗು ನಿಂತಿದೆ ಎಂದರ್ಥ.

ಸೆಕೆ ಹೆಚ್ಚಿದರೆ ಕೆಲಸ ಬೇಗ ಆಗುತ್ತದಲ್ಲ ಎನ್ನಬಹುದು. ಬೇಸಿಗೆಯಲ್ಲಿ ಹೆಪ್ಪು ಹಾಕಿದ ಹಾಲು ಬೇಗ ಮೊಸರಾಗಿ, ಅಷ್ಟೇ ಬೇಗ ಹುಳಿಯೇರುವಂತೆ ಬಿಯರಿನಲ್ಲೂ ವೇಗಕ್ಕೆ ಬೆಲೆ ತೆರಬೇಕು. ಏಲ್ ಯೀಸ್ಟಿಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತ. ಬಾಗಲಕೋಟೆ ಜಿಲ್ಲೆಯ ಬಿರುಬಿಸಿಲಿನಂಥ ಉಷ್ಣತೆಯಲ್ಲಿ ಅದು ಫ್ಯೂಸೆಲ್ ಆಲ್ಕೋಹಾಲುಗಳನ್ನು ಹೆಚ್ಚು ಬಿಟ್ಟು, ಗಂಟಲಿಗೆ ಘಾಟು ತರುತ್ತದೆ. ಲಾಗರ್ ಬಗೆಗೆ ಇನ್ನೂ ತಂಪು ಬೇಕು, ಜೊತೆಗೆ ಹಲವು ವಾರಗಳ ಶೀತಲ ವಿಶ್ರಾಂತಿ.

ಹುದುಗು ಜೀವಿಗಳ ಕೆಲಸವೆಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟರು. 1876ರಲ್ಲಿ ಬಿಯರ್ ಕುರಿತೇ ಪುಸ್ತಕ ಬರೆದರು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದರು. ಇಂದಿನ ಯೀಸ್ಟ್ ಪೊಟ್ಟಣದ ಹಿಂದಿರುವುದು ಈ ದುಡಿಮೆ.

ಇದನ್ನು ಓದಿ ಜಮಖಂಡಿಯ ಮನೆಯಲ್ಲೇ ಬಿಂದಿಗೆ ಇಡುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಯ ಬಿಯರೂ ಅದರಿಂದ ಹೊರತಲ್ಲ. ಬ್ರಿಟನ್ನಿನಲ್ಲಿ 1963ರಿಂದ ಸ್ವಂತಕ್ಕೆ ಮಾಡಿಕೊಳ್ಳಲು ಪರವಾನಗಿ ಬೇಕಿಲ್ಲ. ಅಮೆರಿಕದ ಫೆಡರಲ್ ಕಾನೂನು 1978ರಲ್ಲಿ ಇದಕ್ಕೆ ದಾರಿ ಬಿಟ್ಟಿತು. ಅಲ್ಲಿ ನೆಲೆಸಿದ ಕನ್ನಡಿಗರು ಈ ಹವ್ಯಾಸಕ್ಕೆ ಇಳಿಯಬಹುದು.

ಅಂಥವರು ನೆನಪಿಡಬೇಕಾದ ಲೆಕ್ಕ ಸರಳ: ಪಾತ್ರೆಯಲ್ಲಿ ಎರಡು ವಾರ, ಬಾಟಲಿಯಲ್ಲಿ ಎರಡು ವಾರ. ಬಾಟಲಿಗೆ ತುಂಬುವಾಗ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಸೇರಿಸಿದರೆ ಉಳಿದ ಯೀಸ್ಟ್ ಅದನ್ನು ತಿಂದು ಅನಿಲ ಕಟ್ಟಿಕೊಡುತ್ತದೆ. ಹುದುಗು ಮುಗಿಯುವ ಮೊದಲೇ ತುಂಬಿದರೆ ಅನಿಲದ ಒತ್ತಡಕ್ಕೆ ಗಾಜು ಒಡೆದು ಚೂರುಗಳು ಸಿಡಿಯುತ್ತವೆ, ಕಣ್ಣಿಗೇ ಅಪಾಯ. ಹೈಡ್ರೋಮೀಟರಿನ ಅಂಕಿ ಇನ್ನೂ ಇಳಿಯುತ್ತಿದ್ದರೆ ಅಂದು ಬಾಟಲಿ ತುಂಬಲೇಬಾರದು.